ಕೋಚ್ ಹೋದರು, ಬಿಲ್ಲು ಬಂತು, ಡೈರೆಕ್ಟರ್ ಅಲ್ಲೇ ಇದ್ದಾರೆ: ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನನ್ನ ಮಗ ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ. ಪ್ರತಿ ಸೆಮಿಸ್ಟರ್ ಬಿಲ್ಲಿನಲ್ಲೂ ‘ಅಥ್ಲೆಟಿಕ್ಸ್ ಫೀ’ ಎಂದು ಕೆಲವು ನೂರು ಡಾಲರ್ ಇರುತ್ತದೆ. ಅವನು ಒಂದು ಪಂದ್ಯವನ್ನೂ ನೋಡಿದವನಲ್ಲ. ಈ ವರ್ಷ ಅಲ್ಲಿನ ಫುಟ್‌ಬಾಲ್ ಕೋಚ್‌ರನ್ನು ತೆಗೆದುಹಾಕಿ, ಕರಾರಿನಲ್ಲಿ ಉಳಿದ ವರ್ಷಗಳ ಸಂಬಳವೆಂದು ದೊಡ್ಡ ಮೊತ್ತ ಕೊಟ್ಟರು. ಆ ಕರಾರು ಮಾಡಿಸಿದ ಅಥ್ಲೆಟಿಕ್ ಡೈರೆಕ್ಟರ್‌ಗೆ ಏನೂ ಆಗಲಿಲ್ಲ. ಇವರ ಕೆಲಸವನ್ನು ಅಳೆಯುವವರು ಯಾರು? ಬೆಂಗಳೂರಿನಲ್ಲಿ ಕುಳಿತು ನಾವು ಏನಾದರೂ ಕೇಳಬಹುದೇ?

ಉತ್ತರ: ಕೇಳಬಹುದು. ಆದರೆ ‘ತಂಡ ಯಾಕೆ ಸೋತಿತು’ ಎಂದು ಕೇಳಿದರೆ ನಿಮ್ಮನ್ನು ಸಾವಿರಾರು ಅಭಿಮಾನಿಗಳ ಸಾಲಿನಲ್ಲಿ ನಿಲ್ಲಿಸಿ ಮರೆತುಬಿಡುತ್ತಾರೆ. ಕೇಳಬೇಕಾದ್ದು ಕಾಗದಗಳನ್ನು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಕಾಲೇಜುಗಳ ‘ಪಿ.ಇ. ಡೈರೆಕ್ಟರ್’ ಯುಜಿಸಿ ನಿಯಮದಡಿ ಬರುವ ಶಿಕ್ಷಣ ವರ್ಗದ ಹುದ್ದೆ. 2018ರ ನಿಯಮಾವಳಿಯಲ್ಲಿ ಅವರ ನೇಮಕಕ್ಕೆ ದೈಹಿಕ ಪರೀಕ್ಷೆಯೂ ಇದೆ. 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1,800 ಮೀಟರ್ ಓಡಬೇಕು. ಅಮೆರಿಕದ ಅಥ್ಲೆಟಿಕ್ ಡೈರೆಕ್ಟರ್‌ಗೆ, ಅಂದರೆ ಅಲ್ಲಿನವರು ಹೇಳುವ ‘ಎ.ಡಿ.’ಗೆ, ಓಟದ ಪರೀಕ್ಷೆ ಇಲ್ಲ. ಆತ ಅಥವಾ ಆಕೆ ಒಂದು ಕಂಪನಿಯ ಸಿಇಒ ಇದ್ದ ಹಾಗೆ. ಮೇಲ್ದರ್ಜೆಯ ಫುಟ್‌ಬಾಲ್ ಆಡುವ ವಿಶ್ವವಿದ್ಯಾಲಯ ಕನಿಷ್ಠ 16 ತಂಡಗಳನ್ನು ನಡೆಸಬೇಕು. ಒಹಾಯೊ ಸ್ಟೇಟ್, ಟೆಕ್ಸಸ್‌ನಂಥ ಕಡೆ ಕ್ರೀಡಾ ವಿಭಾಗದ ವಾರ್ಷಿಕ ಖರ್ಚು 20 ಕೋಟಿ ಡಾಲರ್ ದಾಟಿದೆ.

ಈ ಸಿಇಒ ಮೇಲೆ ಯಾರಿದ್ದಾರೆ? ಅಲ್ಲಿನ ಕಾಲೇಜು ಕ್ರೀಡೆಗಳಿಗೆ ನಿಯಮ ಮಾಡುವ ಸಂಘವಾದ ಎನ್‌ಸಿಎಎ ಎಂದು ಹಲವರು ಭಾವಿಸುತ್ತಾರೆ, ಅದು ತಪ್ಪು. ಎನ್‌ಸಿಎಎ ನಿಯಮ ಮುರಿದ ವಿಶ್ವವಿದ್ಯಾಲಯವನ್ನು ಶಿಕ್ಷಿಸುತ್ತದೆಯೇ ಹೊರತು ಎ.ಡಿ.ಯ ಕೆಲಸಕ್ಕೆ ಅಂಕ ಹಾಕುವುದಿಲ್ಲ. ಎ.ಡಿ.ಯನ್ನು ನೇಮಿಸುವವರೂ ತೆಗೆಯುವವರೂ ವಿಶ್ವವಿದ್ಯಾಲಯದ ಪ್ರೆಸಿಡೆಂಟ್ ಅಥವಾ ಚಾನ್ಸಲರ್, ಅಂದರೆ ನಮ್ಮ ಕುಲಪತಿಗೆ ಸಮನಾದವರು. ದೊಡ್ಡ ಕರಾರುಗಳಿಗೆ ಬಹುತೇಕ ಕಡೆ ಟ್ರಸ್ಟಿಗಳ ಮಂಡಳಿಯ ಒಪ್ಪಿಗೆ ಬೇಕು. ಪಕ್ಕದಲ್ಲಿ ಇನ್ನೊಬ್ಬರಿರುತ್ತಾರೆ: ಪ್ರತಿಯೊಂದು ಎನ್‌ಸಿಎಎ ಸದಸ್ಯ ಸಂಸ್ಥೆಯೂ ಹೆಸರಿಸಲೇಬೇಕಾದ ಅಧ್ಯಾಪಕ ಪ್ರತಿನಿಧಿ. ಈ ಪ್ರಾಧ್ಯಾಪಕರು ಕ್ರೀಡಾ ವಿಭಾಗದ ಸಂಬಳಪಟ್ಟಿಯಲ್ಲಿ ಇರುವವರಲ್ಲ. ನಿಮ್ಮ ಮಗ ನೇರವಾಗಿ ಇಮೇಲ್ ಬರೆಯಬಹುದಾದ ಮೊದಲ ವ್ಯಕ್ತಿ ಇವರೇ.

ವ್ಯವಸ್ಥೆ ಕಾಗದದ ಮೇಲೆ ಸರಿಯಾಗಿಯೇ ಇದೆ. ಎಡವುವುದು ಕಾಲದ ಲೆಕ್ಕದಲ್ಲಿ. ಎ.ಡಿ.ಗೆ ಅಂಕ ಸಿಗುವುದು ಈ ವರ್ಷದ ಗೆಲುವಿಗೆ, ಅವರು ಮಾಡಿಸಿದ ಕರಾರಿನ ಬಿಲ್ಲು ಬರುವುದು ಐದಾರು ವರ್ಷದ ಮೇಲೆ. ಅಷ್ಟರಲ್ಲಿ ಅವರು ಬೇರೆ ಊರಿನಲ್ಲಿರುತ್ತಾರೆ.

ಟೆಕ್ಸಸ್ ಎ ಅಂಡ್ ಎಂ ಪ್ರಕರಣವನ್ನೇ ನೋಡಿ. 2017ರಲ್ಲಿ ಸ್ಕಾಟ್ ವುಡ್‌ವರ್ಡ್ ಅಲ್ಲಿ ಎ.ಡಿ. ಆಗಿದ್ದಾಗ ಕೋಚ್ ಜಿಂಬೊ ಫಿಶರ್‌ಗೆ 10 ವರ್ಷ, 7.5 ಕೋಟಿ ಡಾಲರ್, ಪೂರ್ತಿ ಖಾತರಿಯ ಕರಾರು ಕೊಟ್ಟರು. 2019ರಲ್ಲಿ ವುಡ್‌ವರ್ಡ್ ಲೂಯಿಸಿಯಾನಾ ಸ್ಟೇಟ್‌ಗೆ, ಅಂದರೆ ಎಲ್‌ಎಸ್‌ಯುಗೆ, ಹೋದರು. ಅವರ ಜಾಗಕ್ಕೆ ಬಂದ ರಾಸ್ ಬ್ಯೋರ್ಕ್ ಕಾಲದಲ್ಲಿ, ಒಂದು ಒಳ್ಳೆಯ ಸೀಸನ್ ಮುಗಿದ ಮೇಲೆ, 2021ರಲ್ಲಿ ಆ ಕರಾರನ್ನು ಸಂಬಳ ಏರಿಸಿ 2031ರವರೆಗೆ ವಿಸ್ತರಿಸಿದರು. 2023ರ ನವೆಂಬರ್‌ನಲ್ಲಿ ಫಿಶರ್‌ರನ್ನು ತೆಗೆದಾಗ ಕೊಡಬೇಕಾಗಿ ಬಂದದ್ದು ಸುಮಾರು 7.6 ಕೋಟಿ ಡಾಲರ್: 60 ದಿನದೊಳಗೆ 1.9 ಕೋಟಿಗೂ ಹೆಚ್ಚು, ಉಳಿದದ್ದು 2031ರವರೆಗೆ ವರ್ಷಕ್ಕೆ 70 ಲಕ್ಷಕ್ಕೂ ಮೇಲೆ. ಫಿಶರ್ ಬೇರೆ ಕೆಲಸ ಹಿಡಿದರೂ ಇದರಲ್ಲಿ ಕಡಿತವಿಲ್ಲ. ಬ್ಯೋರ್ಕ್ 2024ರಲ್ಲಿ ಒಹಾಯೊ ಸ್ಟೇಟ್‌ನ ಎ.ಡಿ. ಆದರು.

ಅತ್ತ ವುಡ್‌ವರ್ಡ್ ಎಲ್‌ಎಸ್‌ಯುನಲ್ಲಿ 2021ರಲ್ಲಿ ಬ್ರಯನ್ ಕೆಲಿಗೆ 10 ವರ್ಷ, 9.5 ಕೋಟಿ ಡಾಲರ್ ಕರಾರು ಕೊಟ್ಟಿದ್ದರು. 2025ರ ಅಕ್ಟೋಬರ್ 26ರಂದು ಕೆಲಿಯನ್ನು ತೆಗೆದರು. ಬಾಕಿ ಸುಮಾರು 5.4 ಕೋಟಿ. ರಾಜ್ಯಪಾಲ ಜೆಫ್ ಲ್ಯಾಂಡ್ರಿ ಬಹಿರಂಗವಾಗಿ ಸಿಡಿದರು, ನಾಲ್ಕೇ ದಿನದಲ್ಲಿ ವುಡ್‌ವರ್ಡ್ ಕುರ್ಚಿ ಬಿಟ್ಟರು. ಇದನ್ನು ಉತ್ತರದಾಯಿತ್ವ ಎಂದು ಚಪ್ಪಾಳೆ ತಟ್ಟಿದವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕೆಲಸ. ಆ ಕರಾರಿಗೆ ಒಪ್ಪಿಗೆ ಕೊಟ್ಟದ್ದು ವಿಶ್ವವಿದ್ಯಾಲಯದ ಮಂಡಳಿ. 2021ರಲ್ಲಿ ಮಂಡಳಿಯ ಮೇಜಿನ ಮೇಲೆ ‘ನಾಲ್ಕನೇ ವರ್ಷ ತೆಗೆದರೆ ಎಷ್ಟು’ ಎಂಬ ಒಂದು ಹಾಳೆ ಇದ್ದಿದ್ದರೆ ಕೋಪಕ್ಕೆ ಆಗಲೇ ಅರ್ಥವಿರುತ್ತಿತ್ತು.

ಆ ಹಾಳೆ ಹೇಗಿರಬೇಕು? ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಆರು ವರ್ಷದ ಕರಾರು, ವರ್ಷಕ್ಕೆ 40 ಲಕ್ಷ ಡಾಲರ್, ಪೂರ್ತಿ ಖಾತರಿ ಎಂದಿಟ್ಟುಕೊಳ್ಳಿ. ಎರಡು ವರ್ಷದ ಕೊನೆಗೆ ತೆಗೆದರೆ ಉಳಿದ ನಾಲ್ಕು ವರ್ಷಕ್ಕೆ 160 ಲಕ್ಷ. ಖಾತರಿಯನ್ನು ಶೇ 70ಕ್ಕೆ ಇಳಿಸಿದ್ದರೆ 112 ಲಕ್ಷ. ಅದರ ಜೊತೆಗೆ ಕೋಚ್ ಹೊಸ ಕೆಲಸ ಹುಡುಕಲೇಬೇಕು, ಅಲ್ಲಿನ ಸಂಬಳವನ್ನು ಇಲ್ಲಿನ ಬಾಕಿಯಿಂದ ಕಳೆಯಬೇಕು ಎಂಬ ಎರಡು ಷರತ್ತು ಸೇರಿಸಿದ್ದರೆ, ವರ್ಷಕ್ಕೆ 15 ಲಕ್ಷದ ಕೆಲಸ ಸಿಕ್ಕಿತೆಂದರೂ ಬಾಕಿ 52 ಲಕ್ಷಕ್ಕೆ ಇಳಿಯುತ್ತದೆ. ಕೋಚ್ ಒಬ್ಬರೇ, ಸೋಲು ಅದೇ. ಮೂರು ಸಾಲು ಷರತ್ತಿಗೆ ಒಂದು ಕೋಟಿ ಡಾಲರಿಗಿಂತ ಹೆಚ್ಚು ವ್ಯತ್ಯಾಸ.

ಕರಾರು ಮಾಡುವಾಗಿನ ತಪ್ಪಿಗಿಂತ ದುಬಾರಿಯಾದದ್ದು ವಿಸ್ತರಣೆಯ ತಪ್ಪು. ಅದೇ ಕೋಚ್ ಎರಡನೇ ವರ್ಷದ ನಡುವೆ ಸತತ ಐದು ಪಂದ್ಯ ಗೆದ್ದರು, ಬೇರೆ ಕಡೆಯಿಂದ ಕರೆ ಬಂದಿದೆ ಎಂದು ಅವರ ಏಜೆಂಟ್ ಸುದ್ದಿ ಹಬ್ಬಿಸಿದರು, ಎ.ಡಿ. ಗಾಬರಿಯಾಗಿ ಒಂದು ವರ್ಷ ಸೇರಿಸಿ ಸಂಬಳವನ್ನು 50 ಲಕ್ಷಕ್ಕೆ ಏರಿಸಿದರು ಎನ್ನೋಣ. ಈಗ ಉಳಿದದ್ದು ಐದು ವರ್ಷ, 250 ಲಕ್ಷ. ಒಂದೇ ಸಹಿಗೆ ಹೊಣೆ 90 ಲಕ್ಷ ಡಾಲರ್ ಬೆಳೆಯಿತು. 20,000 ವಿದ್ಯಾರ್ಥಿಗಳಿರುವ ಕಡೆ ಇದು ತಲೆಗೆ 450 ಡಾಲರ್. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಹಾಗಾಗಿ ಎ.ಡಿ.ಯನ್ನು ಅಳೆಯಲು ಒಂದೇ ಒಂದು ಅಂಕಿ ಆರಿಸಿ ಎಂದರೆ ನಾನು ಗೆಲುವು–ಸೋಲನ್ನು ಆರಿಸುವುದಿಲ್ಲ. ಪ್ರತಿ ಜೂನ್ 30ಕ್ಕೆ ‘ಇಂದು ಎಲ್ಲ ಕೋಚ್‌ಗಳನ್ನೂ ತೆಗೆದರೆ ಕೊಡಬೇಕಾದ ಒಟ್ಟು ಮೊತ್ತ’ ಎಷ್ಟು, ಕಳೆದ ವರ್ಷಕ್ಕಿಂತ ಎಷ್ಟು ಹೆಚ್ಚಿತು ಎಂಬುದನ್ನು ಆರಿಸುತ್ತೇನೆ. ಇದನ್ನು ಮಂಡಳಿಗೆ ವರ್ಷಕ್ಕೊಮ್ಮೆ ಲಿಖಿತವಾಗಿ ಕೊಡಬೇಕೆಂದು ಎ.ಡಿ.ಯ ಕರಾರಿನಲ್ಲೇ ಬರೆಸಲು ಯಾವ ಕಾನೂನೂ ಅಡ್ಡಿಯಿಲ್ಲ.

ಎ.ಡಿ.ಯ ಸ್ವಂತ ಕರಾರನ್ನೂ ತರಿಸಿ ಓದಿ. ಬೋನಸ್ ಪುಟವೇ ಸಾಕು, ಆಡಳಿತ ಏನನ್ನು ಮುಖ್ಯವೆಂದುಕೊಂಡಿದೆ ಎಂದು ತಿಳಿಯುತ್ತದೆ. 2014ರಲ್ಲಿ ಒಹಾಯೊ ಸ್ಟೇಟ್‌ನ ಒಬ್ಬ ಕುಸ್ತಿಪಟು ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದಕ್ಕೆ ಆಗಿನ ಎ.ಡಿ. ಜೀನ್ ಸ್ಮಿತ್‌ಗೆ 18 ಸಾವಿರ ಡಾಲರಿಗೂ ಹೆಚ್ಚು ಬೋನಸ್ ಸಿಕ್ಕಿತು. ಕುಸ್ತಿಯಾಡಿದ್ದು ಹುಡುಗ, ಬಹುಮಾನ ಆಫೀಸಿಗೆ. ಇಂಥ ಪುಟದಲ್ಲಿ ಗೆಲುವಿಗೆ ಎಷ್ಟು, ಓದು ಮುಗಿಸಿದವರ ಪ್ರಮಾಣಕ್ಕೆ ಎಷ್ಟು, ಬಜೆಟ್ ಮೀರದಿದ್ದುದಕ್ಕೆ ಎಷ್ಟು ಎಂದು ಪಕ್ಕಪಕ್ಕ ಬರೆದುಕೊಳ್ಳಿ. ಕೊನೆಯದಕ್ಕೆ ಸೊನ್ನೆ ಇದ್ದರೆ ಎ.ಡಿ. ಬಜೆಟ್ ಮೀರಿದಾಗ ಅಚ್ಚರಿಪಡಬೇಕಿಲ್ಲ. ಬೋನಸ್‌ನ ಒಂದು ಭಾಗವನ್ನು ಮೂರು ವರ್ಷ ತಡೆಹಿಡಿದು, ಆ ಅವಧಿಯಲ್ಲಿ ತಾನು ಮಾಡಿಸಿದ ಕರಾರು ಒಡೆದರೆ ಕಡಿತ ಮಾಡುವ ಷರತ್ತು ಹಾಕುವುದು ಕಂಪನಿ ಜಗತ್ತಿನಲ್ಲಿ ಹಳೆಯ ಪದ್ಧತಿ. ಇಲ್ಲಿ ಅದು ಬೇಕೇ ಬೇಕು.

ಇನ್ನು ನಿಮ್ಮ ಮಗನ ಫೀ. ಎನ್‌ಸಿಎಎಯ ಅತ್ಯುನ್ನತ ದರ್ಜೆಯಾದ ಡಿವಿಷನ್ ಒನ್‌ನ ಪ್ರತಿ ಸಂಸ್ಥೆಯೂ ಹಿಂದಿನ ಆರ್ಥಿಕ ವರ್ಷದ ಲೆಕ್ಕವನ್ನು ಜನವರಿ 15ರೊಳಗೆ ಎನ್‌ಸಿಎಎಗೆ ಸಲ್ಲಿಸುತ್ತದೆ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಅರ್ಜಿ ಹಾಕಿ ಇದನ್ನು ಪಡೆಯಬಹುದು. ಇದರಲ್ಲಿ ಸಾಲುಗಳಿಗೆ ಸಂಖ್ಯೆ ಇದೆ. ಆದಾಯದ ಕಡೆ 2ನೆಯದು ರಾಜ್ಯ ಸರ್ಕಾರದ ನೇರ ನೆರವು, 3ನೆಯದು ವಿದ್ಯಾರ್ಥಿ ಶುಲ್ಕ, 4ನೆಯದು ವಿಶ್ವವಿದ್ಯಾಲಯದ ನೇರ ನೆರವು, 6ನೆಯದು ಪರೋಕ್ಷ ನೆರವು. ಈ ನಾಲ್ಕನ್ನು ಕೂಡಿ ಒಟ್ಟು ಆದಾಯದಿಂದ ಭಾಗಿಸಿದರೆ, ವಿಭಾಗ ತಾನೇ ದುಡಿಯದೆ ಪಡೆದ ಹಣದ ಪ್ರಮಾಣ ಸಿಗುತ್ತದೆ. ‘ನಾವು ಲಾಭದಲ್ಲಿದ್ದೇವೆ’ ಎಂದು ಎ.ಡಿ. ಹೇಳುವಾಗ ಈ ನಾಲ್ಕು ಸಾಲುಗಳನ್ನೂ ಆದಾಯವೆಂದೇ ಎಣಿಸಿರುತ್ತಾರೆ. 3ನೇ ಸಾಲನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ ಮಗನ ಇಡೀ ವರ್ಷದ ಬಿಲ್ಲಿನ ಜೊತೆ ಹೋಲಿಸಿ. ಎರಡೂ ಹೊಂದದಿದ್ದರೆ ಫೀಯ ಒಂದು ಭಾಗ ಬೇರೆ ಹೆಸರಿನಲ್ಲಿ ಹರಿಯುತ್ತಿದೆ ಎಂದು ಅನುಮಾನಿಸಬಹುದು. ಖರ್ಚಿನ ಕಡೆ 26ನೇ ಸಾಲು ತೆಗೆದುಹಾಕಿದವರಿಗೆ ಕೊಟ್ಟ ಹಣ. ಇದು ಒಂದೇ ವರ್ಷದಲ್ಲಿ ಪೂರ್ತಿ ಬಿದ್ದಿದೆಯೋ ಕಂತಿನಲ್ಲೋ ಎಂದು ತಿಳಿಯಲು ಕನಿಷ್ಠ ಐದು ವರ್ಷದ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಹೊರಗಿನ ಲೆಕ್ಕಿಗರು ಈ ವರದಿಯನ್ನು ಪರಿಶೀಲಿಸುತ್ತಾರೆ ನಿಜ, ಆದರೆ ಅದು ಗೊತ್ತುಪಡಿಸಿದ ಕೆಲವು ತಪಾಸಣೆಗಳಷ್ಟೇ, ಪೂರ್ಣ ಆಡಿಟ್ ಅಲ್ಲ.

ಫೆಡರಲ್ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಇನ್ನೊಂದು ವರದಿ ಸುಲಭವಾಗಿ ಸಿಗುತ್ತದೆ. ಕಾಲೇಜು ಕ್ರೀಡೆಯಲ್ಲಿ ಗಂಡು–ಹೆಣ್ಣು ಸಮಾನತೆಯ ವಿವರ ಬಹಿರಂಗಪಡಿಸಬೇಕೆನ್ನುವ 1994ರ ಇಎಡಿಎ ಕಾನೂನಿನ ಪ್ರಕಾರ ಪ್ರತಿ ಅಕ್ಟೋಬರ್‌ನಲ್ಲಿ ಸಲ್ಲಿಸುವ ವರದಿ ಅದು. ಹಣದ ಮಟ್ಟಿಗೆ ಅದನ್ನು ನಂಬಿ ಕೂರಬೇಡಿ. ಆದಾಯ ಖರ್ಚಿಗಿಂತ ಕಡಿಮೆ ಇರಬಾರದೆಂಬುದೇ ಅದರ ಸೂಚನೆ, ಹಾಗಾಗಿ ಕೊರತೆಯನ್ನು ವಿಶ್ವವಿದ್ಯಾಲಯದ ನೆರವಿನಿಂದ ತುಂಬಿ ಎರಡೂ ಕಡೆ ಸಮ ಮಾಡಿರುತ್ತಾರೆ. ನಷ್ಟವೇ ಕಾಣದ ಲೆಕ್ಕಪುಸ್ತಕ!

ವರ್ಜೀನಿಯಾ ರಾಜ್ಯ 2015ರಲ್ಲಿ ಈ ನೆರವಿಗೆ ಕಾನೂನಿನಿಂದಲೇ ಮಿತಿ ಹಾಕಿತು: ಅತಿ ದೊಡ್ಡ ಲೀಗ್‌ಗಳಲ್ಲಿ ಆಡುವ ಸಂಸ್ಥೆಗಳಿಗೆ ಶೇ 20, ಮೇಲ್ದರ್ಜೆಯ ಉಳಿದ ಫುಟ್‌ಬಾಲ್ ಸಂಸ್ಥೆಗಳಿಗೆ ಶೇ 55. ನಿಮ್ಮ ರಾಜ್ಯದಲ್ಲಿ ಇಂಥ ಮಿತಿ ಇಲ್ಲದಿದ್ದರೆ, ಅದೇ ಮಿತಿಯನ್ನು ಅಳತೆಗೋಲಾಗಿ ಹಿಡಿದು ಕೇಳಬಹುದು. ಈಗ ಹಣದ ಒತ್ತಡ ಮೊದಲಿಗಿಂತ ಹೆಚ್ಚು. ಗ್ರಾಂಟ್ ಹೌಸ್ ಎಂಬ ಈಜುಗಾರನ ಹೆಸರಿನಲ್ಲಿ ಎನ್‌ಸಿಎಎ ವಿರುದ್ಧ ನಡೆದ ‘ಹೌಸ್’ ಮೊಕದ್ದಮೆಯ ರಾಜಿಯನ್ನು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 2025ರ ಜೂನ್ 6ರಂದು ಒಪ್ಪಿದ ಮೇಲೆ, ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು; 2025–26ಕ್ಕೆ ಮಿತಿ ಒಂದು ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್. ಇದು ಮಿತಿ, ಕಡ್ಡಾಯವಲ್ಲ. ‘ಎಲ್ಲರೂ ಕೊಡುತ್ತಿದ್ದಾರೆ’ ಎನ್ನುವ ಎ.ಡಿ. ಆ ಹಣ ಯಾವ ಸಾಲಿನಿಂದ ಬರುತ್ತದೆ ಎಂದು ತೋರಿಸಲಿ. 3ನೇ ಸಾಲಿನಿಂದ ಎಂದಾದರೆ ನಿಮ್ಮ ಮಗ ಕೂಡ ಸಂಬಳ ಕೊಡುವವರಲ್ಲಿ ಒಬ್ಬ.

ಹಣ ಬಿಟ್ಟರೆ ಎ.ಡಿ.ಗಳು ಹೆಚ್ಚಾಗಿ ಸಿಕ್ಕಿಬೀಳುವುದು ಟೈಟಲ್ ನೈನ್‌ನಲ್ಲಿ. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಈ ಕಾನೂನಿನಡಿ ಸಂಸ್ಥೆ ಮೂರು ದಾರಿಗಳಲ್ಲಿ ಒಂದನ್ನು ತೋರಿಸಬೇಕು: ವಿದ್ಯಾರ್ಥಿನಿಯರ ಪ್ರಮಾಣಕ್ಕೆ ತಕ್ಕಷ್ಟು ಆಟಗಾರ್ತಿಯರಿದ್ದಾರೆ, ಅಥವಾ ಅವಕಾಶ ಹೆಚ್ಚಿಸುತ್ತಲೇ ಬಂದ ಚರಿತ್ರೆ ಇದೆ, ಅಥವಾ ಆಸಕ್ತಿಯನ್ನು ಪೂರ್ತಿ ಪೂರೈಸಲಾಗಿದೆ. ಲೆಕ್ಕ ಹಾಕಲು ಬರುವುದು ಮೊದಲನೆಯದು. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಶೇ 55, ಆದರೆ 600 ಆಟಗಾರರಲ್ಲಿ ಹೆಣ್ಣುಮಕ್ಕಳು 270 ಎಂದರೆ, 330 ಗಂಡು ಆಟಗಾರರನ್ನು ಹಾಗೇ ಉಳಿಸಿಕೊಂಡು ಸಮ ಮಾಡಲು 403 ಆಟಗಾರ್ತಿಯರು ಬೇಕು; ಕೊರತೆ 133. ಒಂದು ತಂಡ ಕಟ್ಟಲೂ ಸಾಲದಷ್ಟು ಸಣ್ಣ ಕೊರತೆಯಿದ್ದರೆ ಇಲಾಖೆ ಬಿಡುತ್ತದೆ. 133ರಲ್ಲಿ ಹಲವು ತಂಡಗಳಾಗುತ್ತವೆ. ಇಎಡಿಎ ವರದಿಯ ನಿಜವಾದ ಉಪಯೋಗ ಇಲ್ಲಿ. ಆದರೆ ಎರಡು ಕಡೆ ಎಚ್ಚರ: ಹೆಣ್ಣುಮಕ್ಕಳ ತಂಡದೊಂದಿಗೆ ಅಭ್ಯಾಸ ಮಾಡುವ ಹುಡುಗರನ್ನೂ ಆ ವರದಿ ಹೆಣ್ಣುಮಕ್ಕಳ ತಂಡದ ಲೆಕ್ಕಕ್ಕೇ ಸೇರಿಸುತ್ತದೆ, ಮತ್ತು ಕ್ರಾಸ್ ಕಂಟ್ರಿ, ಒಳಾಂಗಣ, ಹೊರಾಂಗಣ ಮೂರರಲ್ಲೂ ಓಡುವ ಒಬ್ಬಳೇ ಹುಡುಗಿ ಮೂವರಾಗುತ್ತಾಳೆ. ಅದೇ ವರದಿಯಲ್ಲಿ, ಒಬ್ಬರನ್ನು ಒಮ್ಮೆ ಮಾತ್ರ ಎಣಿಸಿದ ಅಂಕಿ ಬೇರೆಯಾಗಿ ಇರುತ್ತದೆ, ಅದನ್ನೂ ನೋಡಿ.

ವಿಲಿಯಂ ಅಂಡ್ ಮೇರಿಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಎ.ಡಿ. ಸಮಾಂತಾ ಹ್ಯೂಜ್ ಏಳು ತಂಡಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಆ ಪ್ರಕಟಣೆಯ ಸಾಲುಗಳು ಅದೇ ಬೇಸಿಗೆಯಲ್ಲಿ ಸ್ಟ್ಯಾನ್‌ಫರ್ಡ್ ಹೊರಡಿಸಿದ್ದ ಪತ್ರವನ್ನು ಹೋಲುತ್ತವೆ ಎಂದು ಬಯಲಾಯಿತು. ಮುಂದಿನ ತಿಂಗಳೇ ರಾಜೀನಾಮೆ. ಟೈಟಲ್ ನೈನ್ ಮೊಕದ್ದಮೆಯ ಎಚ್ಚರಿಕೆ ಬಂದ ಮೇಲೆ ಹೆಣ್ಣುಮಕ್ಕಳ ತಂಡಗಳು ಮರಳಿದವು.

ಓದಿನ ಅಳತೆಗೆ ಎಪಿಆರ್ ಎಂಬ ಅಂಕ ಇದೆ. ವಿದ್ಯಾರ್ಥಿವೇತನ ಪಡೆವ ಪ್ರತಿ ಆಟಗಾರ ಒಂದು ಅವಧಿಗೆ ಎರಡು ಅಂಕ ಗಳಿಸಬಹುದು: ಓದಿನಲ್ಲಿ ಅರ್ಹನಾಗಿ ಉಳಿದರೆ ಒಂದು, ಕಾಲೇಜು ಬಿಡದಿದ್ದರೆ ಒಂದು. 1,000ಕ್ಕೆ 930 ಇಲ್ಲದ ತಂಡ ಸೀಸನ್ ನಂತರದ ಟೂರ್ನಿ ಆಡುವಂತಿಲ್ಲ ಎಂಬುದು ನಿಯಮ. 2011ರ ಚಾಂಪಿಯನ್ ಕನೆಕ್ಟಿಕಟ್ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಎಪಿಆರ್ ಸಾಲದೆ 2013ರ ಟೂರ್ನಿಯಿಂದ ಹೊರಗುಳಿಯಿತು. ಸರಾಸರಿ ಕೇಳಬೇಡಿ, ತಂಡವಾರು ಕೇಳಿ. ಗಾಲ್ಫ್ ಮತ್ತು ಟೆನಿಸ್ ಸೇರಿ ಫುಟ್‌ಬಾಲ್‌ನ ಹೊಂಡವನ್ನು ಮುಚ್ಚಿಬಿಡುತ್ತವೆ.

ಕೊನೆಯದಾಗಿ ದೂರುಗಳು, ಯಾವ ಅಂಕಿಯಲ್ಲೂ ಕಾಣದಿರುವ ಭಾಗ. 2012ರ ಕೊನೆಯಲ್ಲಿ ರಟ್ಗರ್ಸ್‌ನ ಎ.ಡಿ. ಟಿಮ್ ಪರ್ನೆಟಿ ಒಂದು ವಿಡಿಯೊ ನೋಡಿದರು: ಬ್ಯಾಸ್ಕೆಟ್‌ಬಾಲ್ ಕೋಚ್ ಮೈಕ್ ರೈಸ್ ಆಟಗಾರರ ಮೇಲೆ ಚೆಂಡು ಎಸೆಯುವುದು, ದೂಡುವುದು, ನಿಂದಿಸುವುದು. ಮೂರು ಪಂದ್ಯಗಳ ಅಮಾನತು, 50 ಸಾವಿರ ಡಾಲರ್ ದಂಡ ಹಾಕಿ ಮುಗಿಸಿದರು. 2013ರ ಏಪ್ರಿಲ್‌ನಲ್ಲಿ ಇಎಸ್‌ಪಿಎನ್ ಆ ವಿಡಿಯೊ ತೋರಿಸಿತು. ಕೋಚ್ ವಜಾ, ಅದೇ ವಾರ ಎ.ಡಿ. ರಾಜೀನಾಮೆ. ಗಮನಿಸಬೇಕಾದ ಸಂಗತಿ ಎಂದರೆ, ಪ್ರೆಸಿಡೆಂಟ್ ಆ ವಿಡಿಯೊವನ್ನು ಆವರೆಗೆ ನೋಡಿಯೇ ಇರಲಿಲ್ಲ. ಎ.ಡಿ. ಹೇಳಿದ ಸಾರಾಂಶದ ಮೇಲೆ ತೀರ್ಮಾನ ನಡೆದಿತ್ತು. ಆದ್ದರಿಂದ ಎ.ಡಿ.ಯ ವಾರ್ಷಿಕ ಮೌಲ್ಯಮಾಪನದಲ್ಲಿ ಇರಬೇಕಾದ ಪ್ರಶ್ನೆ ‘ಎಷ್ಟು ದೂರು ಬಂತು’ ಎಂಬುದಲ್ಲ. ಕಡಿಮೆ ದೂರು ಎಂದರೆ ಹೆದರಿಕೆ ಹೆಚ್ಚು ಎಂದೂ ಇರಬಹುದು. ದೂರು ಯಾವ ದಿನ ಬಂತು, ಕ್ರೀಡಾ ವಿಭಾಗದ ಹೊರಗಿನವರಿಗೆ ಯಾವ ದಿನ ಲಿಖಿತವಾಗಿ ತಲುಪಿತು, ಮೂಲ ಸಾಕ್ಷ್ಯವನ್ನು ಯಾರು ಕಣ್ಣಾರೆ ಕಂಡರು: ಈ ಮೂರು ಕಾಲಂ ಸಾಕು. ಮೊದಲ ಎರಡರ ನಡುವೆ ವಾರಗಳ ಅಂತರವಿದ್ದರೆ ಅದನ್ನು ನಾನು ಒಂದು ಸೋತ ಸೀಸನ್‌ಗಿಂತ ಕೆಟ್ಟದ್ದೆಂದು ಬರೆಯುತ್ತೇನೆ.

ಲಿಖಿತ ಮೌಲ್ಯಮಾಪನವಿಲ್ಲದೆ ಜನರ ಕೂಗಿಗೆ ಎ.ಡಿ.ಯನ್ನು ತೆಗೆದರೆ ಅದಕ್ಕೂ ಬಿಲ್ಲು ಬರುತ್ತದೆ. ಟೆನೆಸ್ಸಿ ವಿಶ್ವವಿದ್ಯಾಲಯ 2017ರಲ್ಲಿ ಕೋಚ್ ಹುಡುಕಾಟದ ಗದ್ದಲದ ನಡುವೆ ಜಾನ್ ಕರಿಯನ್ನು ಅಮಾನತು ಮಾಡಿತು. ಕೆಲವೇ ತಿಂಗಳಲ್ಲಿ 25 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಈಗ ನಿಮ್ಮ ಕೆಲಸ. ಅರ್ಜಿಯನ್ನು ನೀವು ಹಾಕಬೇಡಿ, ಮಗ ಹಾಕಲಿ. ವರ್ಜೀನಿಯಾ, ಟೆನೆಸ್ಸಿ ಮೊದಲಾದ ಕಡೆ ದಾಖಲೆ ಕೇಳುವ ಹಕ್ಕು ಆ ರಾಜ್ಯದವರಿಗೆ ಮಾತ್ರ. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವರ್ಜೀನಿಯಾದ ಆ ನಿರ್ಬಂಧವನ್ನು ಎತ್ತಿಹಿಡಿದಿದೆ. ಅಂಥ ಕಡೆ ಅವನ ಅರ್ಜಿಗೂ ತಕರಾರು ಬಂದರೆ ಕ್ಯಾಂಪಸ್ ಪತ್ರಿಕೆಯ ಸ್ಥಳೀಯ ವಿದ್ಯಾರ್ಥಿಗಳ ಮೂಲಕ ಕೇಳಿಸಬಹುದು. ಅವರಿಗೆ ಇಂಥ ಅರ್ಜಿ ಬರೆದು ಅಭ್ಯಾಸವೂ ಇರುತ್ತದೆ. ‘ಕ್ರೀಡಾ ವಿಭಾಗದ ಎಲ್ಲ ದಾಖಲೆ’ ಎಂದು ಕೇಳಿದರೆ ಸಾವಿರಾರು ಡಾಲರ್ ನಕಲು ವೆಚ್ಚದ ಅಂದಾಜು ಬರುತ್ತದೆ. ಹೆಸರು ಹಿಡಿದು ಕೇಳಿ: ಕಳೆದ ಐದು ವರ್ಷದ ಎನ್‌ಸಿಎಎ ಆರ್ಥಿಕ ವರದಿ, ಎ.ಡಿ.ಯ ಕರಾರು ಮತ್ತು ತಿದ್ದುಪಡಿಗಳು, ತೆಗೆದುಹಾಕಿದ ಕೋಚ್‌ರ ಕರಾರು ಮತ್ತು ವಿಸ್ತರಣೆ, ಆ ವಿಸ್ತರಣೆಗೆ ಮಂಡಳಿ ಒಪ್ಪಿದ ಸಭೆಯ ನಡಾವಳಿ. ಕೋಚ್‌ಗೆ ಹಣ ಕೊಟ್ಟದ್ದು ದಾನಿಗಳ ಪ್ರತಿಷ್ಠಾನ, ಅದು ಖಾಸಗಿ ಎಂಬ ಉತ್ತರ ಬಂದರೆ, ಪ್ರತಿಷ್ಠಾನ ಮತ್ತು ವಿಶ್ವವಿದ್ಯಾಲಯದ ನಡುವಿನ ಒಪ್ಪಂದ ಹಾಗೂ ಹಣ ವರ್ಗಾವಣೆಯ ಪತ್ರ ಕೇಳಿ. ಅವು ವಿಶ್ವವಿದ್ಯಾಲಯದ ಕಡತದಲ್ಲೂ ಇರುತ್ತವೆ. ಪ್ರತಿಷ್ಠಾನದ ಫಾರ್ಮ್ 990 ತೆರಿಗೆ ವಿವರ ಹೇಗೂ ಸಾರ್ವಜನಿಕ. ವಿದ್ಯಾರ್ಥಿ ಗೌಪ್ಯತೆಯ ಕಾನೂನು ತೋರಿಸಿ ನಿರಾಕರಿಸಿದರೆ, ಹೆಸರಿಲ್ಲದ ಒಟ್ಟು ಅಂಕಿಗಳು ಸಾಕು ಎಂದು ಮರಳಿ ಬರೆಯಲಿ.

ಅರ್ಜಿಗೆ ಒಳ್ಳೆಯ ಸಮಯ ಜನವರಿಯ ಕೊನೆಯ ವಾರ. ಹೊಸ ವರದಿ ಆಗಷ್ಟೇ ಸಲ್ಲಿಕೆಯಾಗಿರುತ್ತದೆ, ಮುಂದಿನ ವರ್ಷದ ಫೀ ನಿಗದಿ ಬಹುತೇಕ ಕಡೆ ವಸಂತದ ಸೆಮಿಸ್ಟರ್‌ನಲ್ಲೇ ಆಗುತ್ತದೆ. ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಮಾತನಾಡಲು ಅವಕಾಶವಿದ್ದರೆ ಸಿಗುವುದು ಎರಡು ಮೂರು ನಿಮಿಷ, ಅದಕ್ಕೂ ಮುಂಚೆಯೇ ಹೆಸರು ನೋಂದಾಯಿಸಬೇಕು. ಆ ಎರಡು ನಿಮಿಷದಲ್ಲಿ ಮಗ 3ನೇ ಸಾಲು, 26ನೇ ಸಾಲು ಮತ್ತು ವಿಸ್ತರಣೆಗೆ ಒಪ್ಪಿಗೆ ಕೊಟ್ಟ ಸಭೆಯ ದಿನಾಂಕ, ಈ ಮೂರನ್ನು ಓದಿ, ಅಂದು ಮಂಡಳಿಯ ಮುಂದೆ ಬೈಔಟ್‌ನ, ಅಂದರೆ ಕೋಚ್‌ರನ್ನು ನಡುವೆ ತೆಗೆದರೆ ಕೊಡಬೇಕಾದ ಮೊತ್ತದ, ಲೆಕ್ಕದ ಹಾಳೆ ಇತ್ತೇ ಎಂದು ಕೇಳಿ ಕೂರಲಿ. ಉತ್ತರ ಇದ್ದರೂ ಇಲ್ಲದಿದ್ದರೂ ಆ ಪ್ರಶ್ನೆ ನಡಾವಳಿಯಲ್ಲಿ ದಾಖಲಾಯಿತೇ ಎಂದು ಮುಂದಿನ ಸಭೆಗೆ ಮೊದಲು ನೋಡಿಕೊಳ್ಳಿ.